ನಾಲಿಗೆಯ ಗಂಟು ಮತ್ತು ಜೀವನೋಪಾಯ

(ಜುಮಾ ಪ್ರವಚನದ ಸಾರಾಂಶ)





ನಾಲಿಗೆಯ ಬಗ್ಗೆ ಖುತ್ಬಾ ಎಂದ ಕೂಡಲೇ ನೀವೆಲ್ಲ ಊಹಿಸುವುದು ಒಂದೇ. ಸುಳ್ಳು, ಚಾಡಿ, ಪರನಿಂದೆ. ಹಿಡಿತವಿಲ್ಲದೆ ಓಡುವ ನಾಲಿಗೆಯ ಬಗ್ಗೆ ಈ ಮಿಂಬರಿನಿಂದ ಎಷ್ಟೋ ಸಲ ಮಾತನಾಡಿದ್ದೇವೆ, ಮುಂದೆಯೂ ಮಾತನಾಡಬೇಕಾದೀತು. ಇಂದು ಹೇಳಹೊರಟಿರುವುದು ಬೇರೆಯದೇ ನಾಲಿಗೆಯ ಬಗ್ಗೆ. ಓಡಬೇಕಾದ ಜಾಗದಲ್ಲಿ ಓಡದೆ ನಿಂತುಬಿಡುವ ನಾಲಿಗೆ. ಉಗ್ಗು, ತೊದಲು ಎಂದು ಕನ್ನಡದಲ್ಲಿ ಹೇಳುತ್ತೇವೆ. ಉರ್ದು ಮಾತನಾಡುವ ಮನೆಗಳಲ್ಲಿ ಅಂಥ ಹುಡುಗನಿಗೆ ‘ಹಕ್ಲಾ’ ಎಂದೇ ಹೆಸರು ಬಿದ್ದುಬಿಡುತ್ತದೆ.

ನಮ್ಮ ಜಮಾಅತಿನ ಒಬ್ಬ ಯುವಕ. ಹೆಸರು ಬೇಡ, ಯಾರ ಮಗನೆಂದೂ ಬೇಡ. ಬಿ.ಕಾಂ.ನಲ್ಲಿ ಪ್ರಥಮ ದರ್ಜೆ. ಟ್ಯಾಲಿ ಗೊತ್ತು, ಜಿಎಸ್‌ಟಿ ಲೆಕ್ಕ ಗೊತ್ತು. ಮೂರು ಕಡೆ ಸಂದರ್ಶನಕ್ಕೆ ಹೋದ. ಮೂರೂ ಕಡೆ ಮೊದಲು ಕೇಳಿದ್ದು ಹೆಸರು. ಅವನ ಹೆಸರು, ನಮ್ಮ ಅರ್ಧದಷ್ಟು ಮಕ್ಕಳ ಹೆಸರಿನ ಹಾಗೆ, ‘ಮುಹಮ್ಮದ್’ ಎಂದು ಶುರುವಾಗುತ್ತದೆ. ಆ ‘ಮ’ ಎಂಬ ಅಕ್ಷರದ ಮೇಲೆ ತುಟಿ ಅಂಟಿಕೊಂಡು ನಿಂತಿತು. ಒಂದು ಕಡೆ ಕೇಳಿದವರು ನಗುತ್ತಾ, “ಹೆಸರೇ ಮರೆತುಹೋಯ್ತಾ?” ಎಂದರಂತೆ. ಈಗ ಅವನು ಸಂಬಂಧಿಕರೊಬ್ಬರ ಹಾರ್ಡ್‌ವೇರ್ ಅಂಗಡಿಯ ಗೋದಾಮಿನಲ್ಲಿ ಪೈಪು, ಬೋಲ್ಟುಗಳ ಎಣಿಕೆ ಮಾಡುತ್ತಾನೆ. ಅದು ಹಲಾಲಾದ ಕೆಲಸ, ಗೌರವದ ಕೆಲಸ. ಆದರೆ ಅದೇ ಅಂಗಡಿಯ ಲೆಕ್ಕಪತ್ರ ಬರೆಯುವುದಕ್ಕೆ ಹೊರಗಿನಿಂದ ಬೇರೊಬ್ಬರು ಬರುತ್ತಾರೆ, ಅವನಿಗಿಂತ ಕಡಿಮೆ ಓದಿದವರು!

ಅವನ ತಂದೆ ಅವನನ್ನು ಕರೆದುಕೊಂಡು ಬಂದು, “ಉಸ್ತಾದರೇ, ಇವನಿಗೆ ನೀರು ಓದಿ ಕೊಡಿ” ಎಂದರು. ಓದಿ ಕೊಟ್ಟೆ. ಶಿಫಾ ಕೊಡುವವನು ಅಲ್ಲಾಹನು. ಹೊರಡುವಾಗ ಹುಡುಗ ಮೊಬೈಲಿನಲ್ಲಿ ಏನೋ ಟೈಪ್ ಮಾಡಿ ನನ್ನ ಮುಂದೆ ಹಿಡಿದ. “ಉಸ್ತಾದ್, ಮೂಸಾ ನಬಿಗೂ(ಅ) ಹೀಗೇ ಇತ್ತು ಎನ್ನುತ್ತಾರೆ. ಹಾಗಿದ್ದರೆ ಮಾತನಾಡುವ ಕೆಲಸಕ್ಕೇ ಅವರನ್ನು ಯಾಕೆ ಕಳಿಸಿದ್ದು?”

ಆ ಪ್ರಶ್ನೆಗೆ ನಿಂತಲ್ಲೇ ಕೊಡುವ ಉತ್ತರ ಸಾಲದು. ಅದಕ್ಕಾಗಿಯೇ ಇಂದಿನ ಈ ಮಾತು.

ತ್ವಾಹಾ ಸೂರಃವನ್ನು ಮನೆಗೆ ಹೋಗಿ ಅರ್ಥಸಹಿತ ಓದಿ. ಮನೆಯವರ ಜೊತೆ ಪ್ರಯಾಣದಲ್ಲಿದ್ದ ಮೂಸಾ(ಅ) ದೂರದಲ್ಲಿ ಬೆಂಕಿ ಕಂಡು ಅತ್ತ ಹೋಗುತ್ತಾರೆ. ಅಲ್ಲಿ ಅಲ್ಲಾಹನು ಅವರೊಡನೆ ಮಾತನಾಡುತ್ತಾನೆ. ತನ್ನ ಪರಿಚಯ ಹೇಳಿ, ಆರಿಸಿಕೊಂಡಿರುವುದಾಗಿ ತಿಳಿಸಿ, ನಂತರ ಕೇಳುವ ಪ್ರಶ್ನೆ ಯಾವುದು? ಬಲಗೈಯಲ್ಲಿ ಏನಿದೆ ಎಂದು. ಅಲ್ಲಾಹನಿಗೆ ಗೊತ್ತಿಲ್ಲದ್ದೇ? ‘ಕೋಲು’ ಎಂಬ ಒಂದು ಪದ ಉತ್ತರಕ್ಕೆ ಸಾಕಿತ್ತು. ಮೂಸಾ(ಅ) ಅಷ್ಟಕ್ಕೆ ನಿಲ್ಲಲಿಲ್ಲ. ಇದು ತನ್ನ ಕೋಲು, ಇದರ ಮೇಲೆ ಊರಿಕೊಳ್ಳುತ್ತೇನೆ, ಕುರಿಗಳಿಗೆ ಎಲೆ ಉದುರಿಸುತ್ತೇನೆ, ಬೇರೆ ಉಪಯೋಗಗಳೂ ಇವೆ ಎಂದು ಹೇಳುತ್ತಾ ಹೋದರು. ಯಾಕೆ ಇಷ್ಟು ಉದ್ದ ಉತ್ತರ ಎಂದು ಮುಫಸ್ಸಿರ್‌ಗಳು ಚರ್ಚಿಸಿದ್ದಾರೆ. ತನ್ನ ಪ್ರಭುವಿನೊಡನೆ ಮಾತನಾಡುವ ಸವಿಗೆ ಮಾತು ಬೆಳೆಯಿತು ಎನ್ನುತ್ತಾರೆ. ನಾನು ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ವರ್ಷಗಟ್ಟಲೆ ಕುರಿ ಕಾದ ಮನುಷ್ಯನನ್ನು ಅವರ ಕಸುಬಿನ ಬಗ್ಗೆ, ಅವರ ಕೈಯಲ್ಲೇ ಇದ್ದ ಸಲಕರಣೆಯ ಬಗ್ಗೆ ಕೇಳಲಾಯಿತು. ನಾಲಿಗೆಯಲ್ಲಿ ಗಂಟಿದ್ದವರು ಧಾರಾಳವಾಗಿ ಮಾತನಾಡಿದರು.

ಆಮೇಲೆ ಹೊಣೆ ಹೊರಿಸಲಾಗುತ್ತದೆ. ಫಿರ್‌ಔನನ ಬಳಿಗೆ ಹೋಗಬೇಕು. ಆಗ ಮೂಸಾ(ಅ) ಬೇಡಿಕೊಂಡ ದುಆ ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಬಾಯಿಪಾಠ. ಪರೀಕ್ಷೆಗೆ ಹೋಗುವಾಗ ಓದಿಕೊಂಡು ಹೋಗುತ್ತಾರೆ. ಅದರ ಕ್ರಮವನ್ನು ಗಮನಿಸಿದ್ದೀರಾ? ಮೊದಲು ಎದೆಯನ್ನು ವಿಶಾಲಗೊಳಿಸು ಎಂಬ ಬೇಡಿಕೆ, ನಂತರ ಕೆಲಸವನ್ನು ಸುಲಭಗೊಳಿಸು ಎಂಬುದು, ಅದಾದ ಮೇಲೆ ನಾಲಿಗೆಯ ಗಂಟು. ಶುಅರಾ ಸೂರಃದಲ್ಲಿಯೂ ಎದೆಯ ಬಿಗಿತ ಮತ್ತು ಓಡದ ನಾಲಿಗೆ ಎರಡನ್ನೂ ಅವರು ಒಟ್ಟಿಗೇ ಹೇಳಿಕೊಳ್ಳುತ್ತಾರೆ. ಉಗ್ಗು ಇರುವ ಯಾರನ್ನಾದರೂ ಕೇಳಿ ನೋಡಿ. ಮಾತು ನಿಲ್ಲುವುದಕ್ಕೆ ಮುಂಚೆಯೇ ಎದೆ ಬಿಗಿಯುತ್ತದೆ ಎನ್ನುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ಮೂಸಾ(ಅ) ಕೇಳಿದ್ದು ಒಂದು ಗಂಟು ಬಿಚ್ಚಲು. ತನ್ನ ಮಾತು ಜನರಿಗೆ ಅರ್ಥವಾಗಲಿ ಎಂಬ ಕಾರಣಕ್ಕೆ. ಮಹಾ ವಾಗ್ಮಿಯಾಗಲು ಅವರು ಬೇಡಲಿಲ್ಲ. ಪ್ರವಾದಿಗಳು ಅಗತ್ಯ ಇರುವಷ್ಟನ್ನೇ ಕೇಳುತ್ತಾರೆ, ಪೂರ್ತಿ ಕೇಳಿದ್ದರೆ ಪೂರ್ತಿ ಸಿಗುತ್ತಿತ್ತು ಎಂದು ಇಬ್ನು ಕಸೀರ್ ಬರೆಯುತ್ತಾರೆ. ಹಸನ್ ಬಸ್ರಿಯವರ ಇದೇ ಅರ್ಥದ ಮಾತನ್ನೂ ಉಲ್ಲೇಖಿಸುತ್ತಾರೆ. (ಚಿಕ್ಕಂದಿನಲ್ಲಿ ಬಾಯಿಗೆ ಕೆಂಡ ಹಾಕಿಕೊಂಡದ್ದರಿಂದ ಹೀಗಾಯಿತು ಎಂಬ ಕಥೆ ತಫ್ಸೀರ್ ಗ್ರಂಥಗಳಲ್ಲಿದೆ, ಕುರ್‌ಆನಿನಲ್ಲಿಲ್ಲ. ಕುರ್‌ಆನ್ ಕಾರಣವನ್ನೇ ಹೇಳುವುದಿಲ್ಲ. ನಾವು ಮಾತ್ರ ಮಗು ಉಗ್ಗಿದರೆ ಸಾಕು, ಯಾರು ಹೆದರಿಸಿದರು, ಯಾರ ಕಣ್ಣು ಬಿತ್ತು, ಗರ್ಭಿಣಿಯಾಗಿದ್ದಾಗ ತಾಯಿ ಏನು ಮಾಡಿದಳು ಎಂದು ಹುಡುಕಲು ಹೊರಡುತ್ತೇವೆ.)

ಬೇಡಿದ್ದು ಸಿಕ್ಕಿತು. ಗಂಟು ಸಡಿಲವಾಯಿತು, ಸಹಾಯಕ್ಕೆ ಅಣ್ಣ ಹಾರೂನರೂ(ಅ) ಜೊತೆಯಾದರು. ಹಾರೂನ್(ಅ) ತನಗಿಂತ ಚೆನ್ನಾಗಿ ಮಾತನಾಡಬಲ್ಲರು ಎಂದು ಮೂಸಾ(ಅ) ತಾವೇ ಹೇಳಿದ್ದು ಕಸಸ್ ಸೂರಃದಲ್ಲಿದೆ. ಈಗ ನಮ್ಮ ಯಾವುದಾದರೂ ಆಡಳಿತ ಸಮಿತಿಯ ಮುಂದೆ ಈ ವಿಷಯ ಬಂದಿದ್ದರೆ ಏನು ತೀರ್ಮಾನ ಆಗುತ್ತಿತ್ತು? “ಹಾರೂನರೇ ಚೆನ್ನಾಗಿ ಮಾತನಾಡುತ್ತಾರಲ್ಲ, ಅವರನ್ನೇ ಕಳಿಸಿ. ಮೂಸಾ ಹಿಂದೆ ಇರಲಿ.” ಅಲ್ಲಾಹನು ಹಾಗೆ ಮಾಡಲಿಲ್ಲ. ಹುದ್ದೆ ಮೂಸಾರದೇ(ಅ) ಆಗಿ ಉಳಿಯಿತು. ಹಾರೂನರು(ಅ) ನೆರವಾಗಿ ಬಂದರು, ಬದಲಿಯಾಗಿ ಅಲ್ಲ.

ಆಸ್ಥಾನದಲ್ಲಿ ಇಬ್ಬರೂ ನಿಂತಿದ್ದಾಗ ಫಿರ್‌ಔನ್ ಪ್ರಶ್ನೆ ಕೇಳಿದ್ದು ಮೂಸಾರನ್ನೇ(ಅ), ಹೆಸರು ಹಿಡಿದು. ಹಾರೂನರ ವಾಕ್ಚಾತುರ್ಯವೂ ಮೂಸಾರ ನಾಲಿಗೆಯ ತೊಡಕೂ ಗೊತ್ತಿದ್ದೇ ಆ ದುರುಳ ಹೀಗೆ ಕೇಳಿರಬಹುದು ಎಂದು ಝಮಖ್ಶರಿಯವರು ತಮ್ಮ ತಫ್ಸೀರಿನಲ್ಲಿ ಸೂಚಿಸುತ್ತಾರೆ. ತರಗತಿಯಲ್ಲಿ ಬೇಕೆಂದೇ ಉಗ್ಗುವ ಹುಡುಗನನ್ನು ಎಬ್ಬಿಸಿ ಓದಿಸುವವರನ್ನು ನೀವು ನೋಡಿಲ್ಲವೇ? ಆದರೂ ಮೂಸಾ(ಅ) ಉತ್ತರ ಕೊಟ್ಟರು. ಚಿಕ್ಕ ಉತ್ತರ, ಪೂರ್ಣ ಉತ್ತರ.

ಮುಂದೆ ಝುಖ್ರುಫ್ ಸೂರಃದಲ್ಲಿ ಫಿರ್‌ಔನ್ ತನ್ನ ಜನರ ಮುಂದೆ ಮೂಸಾರನ್ನು(ಅ) ಹೀಯಾಳಿಸುತ್ತಾನೆ. ಅವನ ಆಕ್ಷೇಪಗಳಲ್ಲಿ ಎರಡು: ಈತನಿಗೆ ಸ್ಪಷ್ಟವಾಗಿ ಮಾತನಾಡಲು ಬರುವುದಿಲ್ಲ, ಈತನ ಕೈಗೆ ಚಿನ್ನದ ಬಳೆಗಳಿಲ್ಲ. ಮಾತು ಮತ್ತು ಆಡಂಬರ, ಇವೆರಡೇ ಅವನ ಅಳತೆಗೋಲು. ಇಂದು ಇಸ್ತ್ರಿ ಮಾಡಿದ ಕೋಟು, ತಡೆಯಿಲ್ಲದ ಇಂಗ್ಲಿಷು ಇವೆರಡನ್ನೇ ನೋಡಿ ಕೆಲಸ ಕೊಡುವವರು ಯಾರ ಅಳತೆಗೋಲು ಹಿಡಿದಿದ್ದಾರೆ ಎಂದು ತಾವೇ ನೋಡಿಕೊಳ್ಳಲಿ.

ಇದೇ ಮೂಸಾರಿಗೆ(ಅ) ಅದಕ್ಕೂ ಹಿಂದೆ ಒಂದು ಕೆಲಸ ಸಿಕ್ಕಿತ್ತು. ಮದ್‌ಯನಿನಲ್ಲಿ. ಊರು ಬಿಟ್ಟು ಬಂದವರು, ಗುರುತಿಲ್ಲ, ಶಿಫಾರಸಿಲ್ಲ. ಬಾವಿಯ ಬಳಿ ಇಬ್ಬರು ಹೆಣ್ಣುಮಕ್ಕಳು ತಮ್ಮ ಕುರಿಗಳನ್ನು ತಡೆದು ನಿಂತಿದ್ದರು. ಮೂಸಾ(ಅ) ಏನು ವಿಷಯ ಎಂದು ಕೇಳಿದರು, ನೀರು ಸೇದಿ ಕುಡಿಸಿದರು, ನೆರಳಿಗೆ ಹೋಗಿ ಕುಳಿತರು. ಅಷ್ಟೇ. ನಂತರ ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ತಂದೆಗೆ ಇವರನ್ನು ಕೆಲಸಕ್ಕಿಟ್ಟುಕೊಳ್ಳಲು ಹೇಳುವಾಗ ಎರಡು ಅರ್ಹತೆಗಳನ್ನು ಹೆಸರಿಸುತ್ತಾಳೆ: ಶಕ್ತಿ ಮತ್ತು ನಂಬಿಕಸ್ತಿಕೆ. ಕುರ್‌ಆನಿನಲ್ಲಿ ಕೂಲಿಗೆ ನೇಮಿಸಿಕೊಳ್ಳುವ ಮಾತು ಇಷ್ಟು ನೇರವಾಗಿ ಬರುವುದು ಇಲ್ಲೇ. ಕೆಲಸ ಮಾಡುವುದನ್ನು ಕಣ್ಣಾರೆ ನೋಡಿ ಆರಿಸಿದರು, ಮಾತನಾಡಿಸಿ ಅಲ್ಲ. ಎಂಟು ವರ್ಷದ ಕರಾರು, ಹತ್ತು ಪೂರೈಸಿದರೆ ಅವರ ಔದಾರ್ಯ. ಶಿಫಾರಸು ಮಾಡಿದವಳು ಹೆಣ್ಣುಮಗಳು ಎಂಬುದನ್ನೂ ಗಮನಿಸಿ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಇಂಥ ಮಾತಿಗೆ ಕಿವಿಗೊಡುವುದು ಕಡಿಮೆ.

ನಮ್ಮ ಇತಿಹಾಸದಲ್ಲಿ ಇನ್ನೊಬ್ಬರಿದ್ದಾರೆ. ಬಸ್ರಾದ ವಾಸಿಲ್ ಇಬ್ನು ಅತಾ, ಹಿಜರಿ 131ರಲ್ಲಿ, ಅಂದರೆ ಕ್ರಿ.ಶ. 748ರ ಸುಮಾರಿಗೆ ತೀರಿಕೊಂಡವರು. ಮುಅ್‌ತಝಿಲಾ ಪಂಥ ಶುರುವಾದದ್ದೇ ಅವರಿಂದ ಎನ್ನುತ್ತಾರೆ. ಅವರ ಅಖೀದಾವನ್ನು ನಾವು ಒಪ್ಪುವುದಿಲ್ಲ, ಅದು ಬೇರೆ ವಿಷಯ. ಅವರಿಗೆ ‘ರ’ ಅಕ್ಷರ ಹೊರಡುತ್ತಿರಲಿಲ್ಲ. ಅರಬಿಯಲ್ಲಿ ‘ರ’ ಇಲ್ಲದೆ ‘ರಸೂಲ್’ ಎನ್ನಲಾಗದು, ‘ರಹ್ಮಾನ್’ ಎನ್ನಲಾಗದು, ‘ಕುರ್‌ಆನ್’ ಎಂದೂ ಹೇಳಲಾಗದು. ಆ ಮನುಷ್ಯ ಆ ಅಕ್ಷರವೇ ಇಲ್ಲದ ಒಂದು ಇಡೀ ಖುತ್ಬಾವನ್ನು ಇರಾಕಿನ ರಾಜ್ಯಪಾಲರ ಮುಂದೆ ನಿಂತು ಮಾಡಿದರು. ಅದು ಇಂದಿಗೂ ಪುಸ್ತಕಗಳಲ್ಲಿದೆ. ಗೋಧಿಗೆ ‘ಬುರ್ರ್’ ಎನ್ನುವ ಬದಲು ‘ಕಮ್‌ಹ್’ ಎನ್ನುತ್ತಿದ್ದರು ಎಂದು ಅದೇ ಬಸ್ರಾದ ಜಾಹಿಝ್ ದಾಖಲಿಸಿದ್ದಾರೆ.

ಬಿ.ಎ. ತರಗತಿಯಲ್ಲಿ ಅರಬಿ ಸಾಹಿತ್ಯ ಓದುವಾಗ ಇದನ್ನು ನಾವು ಚಮತ್ಕಾರವೆಂದು ಓದಿಕೊಂಡೆವು. ಈಗ ನನಗೆ ಕಾಣುವುದು ಅವರ ದಣಿವು. ಪ್ರತಿ ವಾಕ್ಯಕ್ಕೂ ಮುಂಚೆ ಯಾವ ಪದ ಬೇಡ ಎಂದು ಹುಡುಕುತ್ತಿರಬೇಕು. ನಮ್ಮ ನಡುವೆ ಎಷ್ಟೋ ಮಂದಿ ದಿನವಿಡೀ ಇದನ್ನೇ ಮಾಡುತ್ತಿದ್ದಾರೆ, ನಮಗೆ ತಿಳಿಯುವುದೂ ಇಲ್ಲ. ಹೋಟೆಲಿನಲ್ಲಿ ಪರೋಟ ಬೇಕಿದ್ದರೂ ದೋಸೆ ಎನ್ನುತ್ತಾರೆ. ಬಸ್ಸಿನಲ್ಲಿ ತಮ್ಮ ಸ್ಟಾಪಿನ ಹೆಸರು ಬಾಯಿಗೆ ಬಾರದೆ ಮುಂದಿನ ಸ್ಟಾಪಿನ ಟಿಕೆಟ್ ತೆಗೆದು ನಡೆದುಕೊಂಡು ಬರುತ್ತಾರೆ. ಫೋನ್ ರಿಂಗಾದರೆ ಎತ್ತುವುದಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ಸಲಾಮಿನ ಮೊದಲ ಅಕ್ಷರವೇ ಹೊರಡದೆ ತಲೆಯಾಡಿಸಿ ಹೋಗುತ್ತಾರೆ. ನೋಡಿದವರು ‘ಅಹಂಕಾರ’ ಎನ್ನುತ್ತಾರೆ. ಹೀಗೆ ಪದ ಬದಲಿಸಿ ಬದಲಿಸಿ, ಕೊನೆಗೆ ಬದುಕನ್ನೇ ಬದಲಿಸಿಕೊಳ್ಳುತ್ತಾರೆ. ವಕೀಲನಾಗಬೇಕೆಂದಿದ್ದವನು ಬೇಡವೆನ್ನುತ್ತಾನೆ. ಶಿಕ್ಷಕಿಯಾಗಬೇಕೆಂದಿದ್ದವಳು ಬಿ.ಎಡ್. ಅರ್ಜಿಯನ್ನೇ ಹಾಕುವುದಿಲ್ಲ. ಬಡ್ತಿ ಬಂದರೆ ಮೀಟಿಂಗಿನಲ್ಲಿ ಮಾತನಾಡಬೇಕಾಗುತ್ತದೆ ಎಂದು ಬಡ್ತಿಯನ್ನೇ ತಿರಸ್ಕರಿಸಿದವರಿದ್ದಾರೆ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಉಗ್ಗು ಇರುವವರ ವರ್ಷದ ಸಂಪಾದನೆ ಇಲ್ಲದವರಿಗಿಂತ 7 ಸಾವಿರ ಡಾಲರಿಗೂ ಹೆಚ್ಚು ಕಡಿಮೆ ಇತ್ತು. ಅಲ್ಲಿಯೇ ಹೀಗಾದರೆ, ಗಲ್ಫಿನ ಕೆಲಸಕ್ಕೆ ಐದು ನಿಮಿಷದ ವಿಡಿಯೊ ಕಾಲ್‌ನಲ್ಲಿ ತೀರ್ಮಾನವಾಗುವ ನಮ್ಮ ಹುಡುಗರ ಗತಿ ಏನು?

ಇದು ಅಪರೂಪದ ವಿಷಯವೆಂದು ಭಾವಿಸಬೇಡಿ. ದೊಡ್ಡವರಲ್ಲಿ ಸುಮಾರು ಶೇ. 1ರಷ್ಟು ಜನರಿಗೆ ಉಗ್ಗು ಇರುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಸಾವಿರ ಮಂದಿ ಜುಮಾಕ್ಕೆ ಸೇರುವ ಮಸೀದಿಯಲ್ಲಿ ಹತ್ತು ಮಂದಿ. ಅದು ಹೆದರಿಕೆಯಿಂದ ಬರುವ ರೋಗವಲ್ಲ, ಬುದ್ಧಿಯ ಕೊರತೆಯಲ್ಲ, ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಎಂದು ಮೂರು ಭಾಷೆ ಕಲಿಸಿದ್ದರಿಂದಲೂ ಅಲ್ಲ. ಮಾತನ್ನು ನಡೆಸುವ ಮೆದುಳಿನ ವ್ಯವಸ್ಥೆಯಲ್ಲಿರುವ ವ್ಯತ್ಯಾಸ ಅದು. ಹಲವು ಸಲ ಕುಟುಂಬದಲ್ಲಿ ಮೊದಲೇ ಯಾರಿಗಾದರೂ ಇರುತ್ತದೆ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದು, ಬಾಯಲ್ಲಿ ಕಲ್ಲಿಟ್ಟು ಮಾತನಾಡಿಸುವುದು, ನಾಲಿಗೆಯ ಅಡಿಯ ಎಳೆ ಕೊಯ್ಯಿಸುವುದು ಇವುಗಳಿಂದ ಉಗ್ಗು ಹೋಗುವುದಿಲ್ಲ. ಮಗುವಿಗೆ ನೋವು ಮಾತ್ರ ಮಿಕ್ಕುತ್ತದೆ.

ಮದ್ರಸದ ಉಸ್ತಾದರುಗಳಿಗೆ ಒಂದು ವಿಷಯ ಅನುಭವದಿಂದಲೇ ಗೊತ್ತಿರುತ್ತದೆ. ಎಲ್ಲರೂ ಒಟ್ಟಾಗಿ ಓದುವಾಗ ಆ ಹುಡುಗ ಒಂದು ಕಡೆಯೂ ತಡೆಯುವುದಿಲ್ಲ. ಒಬ್ಬನೇ ಎದ್ದು ನಿಂತರೆ ಮೊದಲ ಅಕ್ಷರಕ್ಕೇ ಸಿಕ್ಕಿಕೊಳ್ಳುತ್ತಾನೆ. ಇದನ್ನು ನೋಡಿ ‘ನಾಟಕ’ ಎಂದು ಬೆತ್ತ ಹಿಡಿಯುವವರಿದ್ದರು. ಅದು ನಾಟಕವಲ್ಲ. ಇನ್ನೊಬ್ಬರ ಧ್ವನಿಯ ಜೊತೆ ಸೇರಿ ಓದುವಾಗ, ರಾಗವಾಗಿ ಓದುವಾಗ ಹೆಚ್ಚಿನವರಿಗೆ ಉಗ್ಗು ಕಡಿಮೆಯಾಗುತ್ತದೆ, ತಜ್ಞರಿಗೆ ಇದು ಹಳೆಯ ವಿಷಯ. ಪಾಠ ಒಪ್ಪಿಸುವಾಗ ಪಕ್ಕದಲ್ಲಿ ಒಬ್ಬ ಗೆಳೆಯನನ್ನು ಜೊತೆಗೂಡಿಸಿ ಓದಿಸಿ ನೋಡಿ. ಮೂಸಾರ(ಅ) ಪಕ್ಕದಲ್ಲಿ ಹಾರೂನರು(ಅ) ನಿಂತ ಹಾಗೆ.

ಆಯಿಶಾ(ರ) ವರದಿ ಮಾಡಿದ, ಬುಖಾರಿ ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್ ಈ ಮಕ್ಕಳಿಗೆ ಹೇಳಬೇಕಾದದ್ದು. ಕುರ್‌ಆನನ್ನು ನಿರರ್ಗಳವಾಗಿ ಓದುವವನಿಗೆ ಗೌರವಾನ್ವಿತ ಮಲಕ್‌ಗಳ ಸಹವಾಸ. ತಡವರಿಸುತ್ತಾ, ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪ್ರತಿಫಲ. ಅಲ್ಲಿ ಬಳಸಿದ ಅರಬಿ ಪದವೇ ತೊದಲುವ ಅರ್ಥದ್ದು. ಇಷ್ಟು ಬಲವಾದ ಹದೀಸ್ ಇರುವಾಗ, ಬಿಲಾಲ್(ರ) ಅವರು ‘ಶ’ ಎನ್ನಲಾಗದೆ ‘ಸ’ ಎನ್ನುತ್ತಿದ್ದರೆಂದೂ ಅಲ್ಲಾಹನ ಬಳಿ ಅದು ‘ಶ’ ಎಂದೇ ಸ್ವೀಕಾರವಾಯಿತೆಂದೂ ಹೇಳುವ ಕಥೆಯನ್ನು ದಯವಿಟ್ಟು ಹೇಳಬೇಡಿ. ಕೇಳಲು ಚೆನ್ನಾಗಿದೆ, ಆದರೆ ಅದಕ್ಕೆ ಮೂಲವಿಲ್ಲವೆಂದು ಇಬ್ನು ಕಸೀರರಂಥ ವಿದ್ವಾಂಸರು ಹೇಳಿದ್ದಾರೆ. ಬಿಲಾಲರ(ರ) ಧ್ವನಿ ಅದಾನಿಗೆಂದೇ ಆರಿಸಿದ ಧ್ವನಿ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಕೇಳುವವರು ನೇರವಾಗಿ ಕೇಳುವುದಿಲ್ಲ. ಉಗ್ಗು ಇರುವವನು ಇಮಾಮತ್ ಮಾಡಬಹುದೇ? ನಮ್ಮ ಶಾಫಿಈ ಫಿಕ್ಹಿನಲ್ಲಿ ಅಕ್ಷರವನ್ನು ಮರುಕಳಿಸಿ ಉಚ್ಚರಿಸುವವನ ಹಿಂದೆ ನಮಾಝ್ ಸಿಂಧುವಾಗುತ್ತದೆ, ಆದರೆ ಕರಾಹತ್ ಇದೆ. ಫಾತಿಹಾದ ಅಕ್ಷರವನ್ನೇ ಬೇರೆ ಅಕ್ಷರವಾಗಿ ಬದಲಿಸುವವನ ವಿಷಯ ಬೇರೆ, ಸರಿಯಾಗಿ ಓದಬಲ್ಲವರು ಅವನ ಹಿಂದೆ ನಿಲ್ಲಬಾರದು. ಅವನ ಸ್ವಂತ ನಮಾಝಿಗೆ ಎಳ್ಳಷ್ಟೂ ಕೊರತೆಯಿಲ್ಲ. ಇದನ್ನು ಮುಚ್ಚಿಡದೆ ಹೇಳುತ್ತಿರುವುದಕ್ಕೆ ಕಾರಣವಿದೆ. ಕೆಲವು ಕೆಲಸಗಳಿಗೆ ಸರಾಗವಾದ ಮಾತು ನಿಜವಾಗಿಯೂ ಬೇಕು. ಆದರೆ ಶರೀಅತ್ ಅದನ್ನು ಎಷ್ಟು ಅಳೆದು ತೂಗಿ, ಎಲ್ಲಿ ಬೇಕೋ ಅಲ್ಲಿಗೆ ಮಾತ್ರ ಮಿತಿಗೊಳಿಸಿದೆ ನೋಡಿ. ಮಾತೇ ಬಾರದ ಮೂಕನ ಸನ್ನೆಯನ್ನು ವ್ಯಾಪಾರದ ಕರಾರಿನಲ್ಲಿ ಮಾತಿಗೆ ಸಮವೆಂದು ಫಿಕ್ಹ್ ಒಪ್ಪುತ್ತದೆ. ನಾವೋ, ಲೆಕ್ಕ ಬರೆಯುವುದಕ್ಕೆ, ಔಷಧಿ ಅಂಗಡಿಯಲ್ಲಿ ಚೀಟಿ ನೋಡಿ ಮಾತ್ರೆ ಕೊಡುವುದಕ್ಕೆ, ಕಂಪ್ಯೂಟರಿನಲ್ಲಿ ಕೋಡ್ ಬರೆಯುವುದಕ್ಕೆ ಕೂಡ ವಾಗ್ಮಿಯನ್ನು ಹುಡುಕುತ್ತೇವೆ.

ಕಾನೂನಿನಿಂದ ಎಷ್ಟು ಸಿಗುತ್ತದೆ ಎಂಬುದೂ ಗೊತ್ತಿರಲಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸುತ್ತದೆ. ಮಾತು ಮತ್ತು ಭಾಷೆಯ ವೈಕಲ್ಯ ಅದರಲ್ಲಿ ಒಂದು. ಆದರೆ ಅದರ ವ್ಯಾಖ್ಯೆ ಗಂಟಲಿನ ಧ್ವನಿಪೆಟ್ಟಿಗೆ ತೆಗೆಸಿದವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ಇಂಥ ಶಾಶ್ವತ ಸ್ಥಿತಿಗಳ ಕಡೆಗೇ ವಾಲುತ್ತದೆ. ಬಾಲ್ಯದಿಂದ ಉಗ್ಗುವವನಿಗೆ ಸರ್ಟಿಫಿಕೇಟ್ ಸಿಗುವುದು ಸುಲಭವಲ್ಲ. ಕೇಂದ್ರ ಕಾಯ್ದೆಯ ಶೇ. 4ರ ಉದ್ಯೋಗ ಮೀಸಲಾತಿಯಲ್ಲಿಯೂ ಮಾತಿನ ವೈಕಲ್ಯಕ್ಕೆಂದೇ ಪ್ರತ್ಯೇಕ ಪಾಲಿಲ್ಲ. ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಮಾತಿನ ವೈಕಲ್ಯ ಶೇ. 40ಕ್ಕಿಂತ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಎಂಬಿಬಿಎಸ್‌ಗೆ ಅನರ್ಹನೆನಿಸಿಕೊಂಡ ಮಹಾರಾಷ್ಟ್ರದ ವಿದ್ಯಾರ್ಥಿಯೊಬ್ಬ ಸುಪ್ರೀಂ ಕೋರ್ಟಿನವರೆಗೆ ಹೋದ. 2024ರ ಅಕ್ಟೋಬರ್‌ನಲ್ಲಿ ಕೋರ್ಟು, ಶೇಕಡಾವಾರು ಅಂಕಿಯನ್ನಷ್ಟೇ ನೋಡಿ ಯಾರನ್ನೂ ತಳ್ಳಿಹಾಕುವಂತಿಲ್ಲ, ಆ ಅಭ್ಯರ್ಥಿ ಕೋರ್ಸ್ ಮಾಡಬಲ್ಲನೇ ಎಂದು ವೈದ್ಯಕೀಯ ಮಂಡಳಿ ಪರಿಶೀಲಿಸಿ ಹೇಳಬೇಕು ಎಂದು ತೀರ್ಪು ಕೊಟ್ಟಿತು. ಮಂಡಳಿ ಅನುಕೂಲವಾಗಿ ವರದಿ ಕೊಟ್ಟಿದ್ದ ಆತನ ಪ್ರವೇಶ ಉಳಿಯಿತು.

ಈಗ ಈ ಸ್ವಫ್‌ಗಳಲ್ಲಿ ಕುಳಿತಿರುವ ಅಂಗಡಿ ಮಾಲೀಕರೇ, ಕಂಟ್ರ್ಯಾಕ್ಟರ್‌ಗಳೇ, ಶಾಲೆ ನಡೆಸುವ ಟ್ರಸ್ಟಿನವರೇ, ಗಲ್ಫಿನ ಕಂಪೆನಿಗಳಿಗೆ ಜನ ಕಳಿಸುವವರೇ, ನಿಮ್ಮೊಡನೆ ನೇರವಾಗಿ ಮಾತನಾಡುತ್ತೇನೆ. ಉಗ್ಗು ಇರುವ ಹುಡುಗ ಬಂದರೆ ಹೆಸರು ಕೇಳಬೇಡಿ, ಹೆಸರು ಅರ್ಜಿಯಲ್ಲೇ ಇದೆ. ಉಗ್ಗುವವರಿಗೆ ಹೇಳಲು ಅತಿ ಕಷ್ಟದ ಪದಗಳಲ್ಲಿ ಸ್ವಂತ ಹೆಸರು ಒಂದು, ಅದನ್ನು ಬೇರೆ ಪದಕ್ಕೆ ಬದಲಿಸಲಾಗದಲ್ಲ! ಲೆಕ್ಕದವನಾದರೆ ಒಂದು ತಿಂಗಳ ಬಿಲ್ಲುಗಳನ್ನು ಮುಂದಿಡಿ. ವೈರಿಂಗ್ ಮಾಡುವವನಾದರೆ ಒಂದು ಬೋರ್ಡ್ ಬಿಚ್ಚಿಸಿ, ಕೂಡಿಸಿ ನೋಡಿ. ಮಾತು ನಿಂತಾಗ ವಾಕ್ಯವನ್ನು ನೀವು ಮುಗಿಸಿಕೊಡಬೇಡಿ. ಅವನು ಹೇಳಹೊರಟಿದ್ದು ನೀವು ಊಹಿಸಿದ್ದಲ್ಲದಿದ್ದರೆ ಅವನು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಗಿರಾಕಿಗಳು ಹೋಗಿಬಿಡುತ್ತಾರೆ ಎನ್ನುತ್ತೀರಿ. ಒಂದು ತಿಂಗಳು ಕೌಂಟರಿನಲ್ಲಿ ಇಟ್ಟು ನೋಡಿದ್ದೀರಾ? ತೂಕ ಸರಿಯಾಗಿ ಕೊಡುವ, ಚಿಲ್ಲರೆ ಸರಿಯಾಗಿ ಎಣಿಸುವ ಹುಡುಗನನ್ನು ಬಿಟ್ಟು ಗಿರಾಕಿ ಎಲ್ಲಿಗೆ ಹೋಗುತ್ತಾನೆ?

ಯುವಕರಿಗೂ ಒಂದು ಮಾತು. ಸಂದರ್ಶನದಲ್ಲಿ ಕುಳಿತ ಕೂಡಲೇ, “ನನಗೆ ಉಗ್ಗು ಇದೆ, ಸ್ವಲ್ಪ ಸಮಯ ಕೊಡಿ” ಎಂದು ಮೊದಲೇ ಹೇಳಿಬಿಡಿ. ಬಾಯಲ್ಲಿ ಬಾರದಿದ್ದರೆ ಬರೆದು ಕೊಡಿ. ಮುಚ್ಚಿಡುವ ಹೆಣಗಾಟದಲ್ಲೇ ಅರ್ಧ ಶಕ್ತಿ ಹೋಗುತ್ತದೆ ಎಂದು ಇದನ್ನು ಅನುಭವಿಸಿದವರು ಹೇಳುತ್ತಾರೆ. ಮೂಸಾ(ಅ) ತಮ್ಮ ನಾಲಿಗೆಯ ವಿಷಯವನ್ನು ಹೊಣೆ ಸಿಕ್ಕ ಕ್ಷಣದಲ್ಲೇ ಹೇಳಿಕೊಂಡರು, ಅಡಗಿಸಿಡಲಿಲ್ಲ.

ಮಕ್ಕಳಲ್ಲಿ ಉಗ್ಗು ಹೆಚ್ಚಾಗಿ ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಬಹುಪಾಲು ಮಕ್ಕಳಿಗೆ ತಾನಾಗಿಯೇ ಹೋಗುತ್ತದೆ. ಹಾಗಾಗಿ ಗಾಬರಿಯಾಗಬೇಡಿ, ಆದರೆ ಆರು ತಿಂಗಳಾದರೂ ಮುಂದುವರಿದರೆ, ಅಥವಾ ಮಾತಿಗಾಗಿ ಮಗು ಕಣ್ಣು ಮುಚ್ಚಿ, ಕುತ್ತಿಗೆ ಬಿಗಿದು ಹೆಣಗುತ್ತಿದ್ದರೆ ಕಾಯುತ್ತಾ ಕೂರಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ನಡೆದುಬಂದಿರುವ ಕೇಂದ್ರ ಸರಕಾರದ ಸಂಸ್ಥೆ, ನಮ್ಮ ರಾಜ್ಯದಲ್ಲೇ ಇದೆ. ದೂರದ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ, ನಮ್ಮವರಿಗೆ ಅದರ ಹೆಸರೂ ತಿಳಿದಿಲ್ಲ. ಮಂಗಳೂರಿನ ಆಸ್ಪತ್ರೆಗಳಲ್ಲಿಯೂ ಸ್ಪೀಚ್ ಥೆರಪಿ ಸಿಗುತ್ತದೆ. ಥೆರಪಿಗೆ ಕರೆದೊಯ್ಯುವುದೂ ದುಆ ಮಾಡುವುದೂ ಒಂದಕ್ಕೊಂದು ವಿರುದ್ಧವಲ್ಲ. ದೊಡ್ಡವರಾದ ಮೇಲೆ ಹೋದರೂ ಉಪಯೋಗವಿದೆ. ಪೂರ್ತಿ ಹೋಗದಿರಬಹುದು, ಮಾತು ಅರ್ಥವಾಗುವಷ್ಟು ಹಗುರಾಗಬಹುದು. ಮೂಸಾ(ಅ) ಕೇಳಿದ್ದೂ ಅಷ್ಟನ್ನೇ.

ಮನೆಯಲ್ಲಿ ಮಾಡಬೇಕಾದದ್ದು ಬಹಳವೇನಿಲ್ಲ. “ನಿಧಾನ ಮಾತಾಡು, ಉಸಿರು ತೆಗೆದುಕೋ” ಎಂದು ಮಗುವಿಗೆ ಹೇಳುವ ಬದಲು ನೀವೇ ನಿಧಾನವಾಗಿ ಮಾತನಾಡಿ. ಎಣಿಸಬೇಕೆಂದವರು ಪದಗಳನ್ನು ಎಣಿಸಬಹುದಾದಷ್ಟು ನಿಧಾನವಾಗಿ ಪ್ರವಾದಿಯವರು(ಸ) ಮಾತನಾಡುತ್ತಿದ್ದರು ಎಂದು ಆಯಿಶಾ(ರ) ಹೇಳಿದ್ದಾರೆ. ಕೇಳುವುದರಲ್ಲಿಯೂ ಅವರಿಗೆ ಅವಸರವಿರಲಿಲ್ಲ. ಬುದ್ಧಿ ಸ್ಥಿಮಿತವಿಲ್ಲದ ಒಬ್ಬ ಹೆಂಗಸು ತನಗೆ ಕೆಲಸವಿದೆ ಎಂದಾಗ, ಯಾವ ಬೀದಿಯಲ್ಲಿ ಬೇಕೋ ಅಲ್ಲಿಗೆ ಬರುತ್ತೇನೆಂದು ಹೇಳಿ, ಆಕೆಯ ಮಾತು ಮುಗಿಯುವವರೆಗೆ ನಿಂತಿದ್ದ ಘಟನೆ ಮುಸ್ಲಿಮ್‌ನಲ್ಲಿದೆ. ಮದೀನಾದ ಆಡಳಿತ ಹೊತ್ತವರಿಗೆ ಅಷ್ಟು ಸಮಯವಿತ್ತು. ಹುಜುರಾತ್ ಸೂರಃ ಗೇಲಿಯನ್ನೂ ಅಡ್ಡಹೆಸರನ್ನೂ ನಿಷೇಧಿಸಿರುವುದು ನಿಮಗೆಲ್ಲ ಗೊತ್ತು. ‘ಹಕ್ಲಾ’ ಎಂಬುದು ಆ ನಿಷೇಧದೊಳಗೆ ಬರುತ್ತದೆ, ಪ್ರೀತಿಯಿಂದ ಕರೆದರೂ.

ಕೊನೆಯದಾಗಿ ನಿಕಾಹ್ ಸಭೆಯ ವಿಷಯ. ಉಗ್ಗು ಇರುವ ವರ ‘ಕಬೂಲ್’ ಹೇಳುವಾಗ ಮಾತು ನಿಲ್ಲಬಹುದು. ಸಭೆಯಲ್ಲಿ ಪಿಸುಗುಡುವುದು, ಮೊಬೈಲ್ ಎತ್ತಿ ವಿಡಿಯೊ ಮಾಡುವುದು, ಹಿಂದಿನಿಂದ ಯಾರೋ ಜೋರಾಗಿ ಹೇಳಿಕೊಡುವುದು ನಡೆಯುತ್ತದೆ. ನಮ್ಮ ಮಸೀದಿಯಲ್ಲಿ ಇನ್ನು ಮುಂದೆ ಹೀಗಾಗದು ಎಂದು ಸಮಿತಿಯವರೊಡನೆ ಮಾತನಾಡಿ ತೀರ್ಮಾನಿಸಿದ್ದೇವೆ. ವರನ ಕಡೆಯವರು ಮೊದಲೇ ನನಗೆ ತಿಳಿಸಿದರೆ ಸಾಕು. ವಲಿ, ಸಾಕ್ಷಿಗಳು ಮತ್ತು ಹತ್ತಿರದವರು ಮಾತ್ರ ಮುಂದೆ ಕುಳಿತುಕೊಳ್ಳುತ್ತಾರೆ, ಮೈಕ್ ಇರುವುದಿಲ್ಲ, ಅವನು ಮುಗಿಸುವವರೆಗೆ ಎಲ್ಲರೂ ಕಾಯುತ್ತೇವೆ.

ಅಲ್ಲಾಹನು ನಮ್ಮ ಮಕ್ಕಳ ಎದೆಯನ್ನು ವಿಶಾಲಗೊಳಿಸಲಿ, ಅವರ ಕೆಲಸವನ್ನು ಸುಲಭಗೊಳಿಸಲಿ, ಅವರ ಪಕ್ಕದಲ್ಲಿ ಒಬ್ಬ ಹಾರೂನನನ್ನು ನಿಲ್ಲಿಸಲಿ. ಆಮೀನ್.